ಅಣ್ಣನ ಟ್ರೇಲರು, ನನ್ನ ಒಂದು ಗೇಣು

ನನಗೊಂದು ಕೆಟ್ಟ ಚಾಳಿ ಇದೆ. ಭಾರ ಹೊತ್ತು ನಿಂತ ಯಾವ ಗಾಡಿಯನ್ನು ಕಂಡರೂ ಸುಮ್ಮನೆ ದಾಟಿಹೋಗಲಾರೆ. ಪಕ್ಕಕ್ಕೆ ನಿಂತು, ತಲೆ ವಾರೆ ಮಾಡಿ, ಮುಂದೆಷ್ಟು ಹಿಂದೆಷ್ಟು ಎಂದು ಕಣ್ಣಿನಲ್ಲೇ ತೂಗಿ ನೋಡಬೇಕು. ಮೊನ್ನೆ ನಮ್ಮ ಓಣಿಯ ಮಾಸ್ತರರು ಸ್ಕೂಟರಿನ ಹಿಂದಿನ ಸೀಟಿಗೆ ಅಕ್ಕಿ ಚೀಲ ಕಟ್ಟಿ, ಅದರ ಬೆನ್ನಿಗೆ ಒಂದು ಬೀಸುವ ಕಲ್ಲನ್ನೂ ಬಿಗಿದುಕೊಂಡು ಹೊರಟಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಮಾಸ್ತರ, ಹಿಂಭಾರ ಆಗೇತ್ರಿ. ಮುಂದಿನ ಗಾಲಿ ನೆಲ ಬಿಡ್ತೈತಿ ನೋಡ್ರಿ" ಎಂದೆ.

"ಹಂಗಾರ ನೀನೂ ಬಾರಬೇ, ಮುಂದ ಕುಂದ್ರು. ಸರಿಹೋಗ್ತೈತಿ" ಎಂದು ನಗುತ್ತ ಹೋದರು.

ಅವರು ತಮಾಷೆ ಮಾಡಿದರು. ಆದರೆ ನನ್ನ ಬಾಳಿನ ಮೊದಲ ಉದ್ಯೋಗ ಅದೇ ಆಗಿತ್ತು ಎಂದರೆ ನೀವು ನಂಬಬೇಕು.

ಕುರುಗೋಡಿನಲ್ಲಿ ನಮ್ಮದು ಪಿಂಜಾರರ ಮನೆ. ಅಜ್ಜ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ. ಅಪ್ಪನ ಕಾಲಕ್ಕೆ ಹಿಂಜುವ ಬಿಲ್ಲು ಗೋಡೆಯ ಗೂಟಕ್ಕೆ ಸೇರಿತು. ಅವನು ಹತ್ತಿಯನ್ನು ಬಂಡಿಯಲ್ಲಿ ಹೇರಿಕೊಂಡು ಬಳ್ಳಾರಿಯ ಜಿನ್ನಿಂಗ್ ಮಿಲ್ಲುಗಳಿಗೆ ಮುಟ್ಟಿಸುವ ಕೆಲಸ ಹಿಡಿದ. ಹತ್ತಿ ಮಾತು ಕೇಳದ ಸರಕು. ಈ ಕಡೆ ಒತ್ತಿದರೆ ಆ ಕಡೆ ಉಬ್ಬುತ್ತದೆ. ಹೇರಿ ಮುಗಿದ ಮೇಲೆ, ಎತ್ತು ಹೂಡುವ ಮೊದಲು, ಅಪ್ಪ ಬಂಡಿಯ ಮೂಕಿಯನ್ನು, ಅಂದರೆ ನೊಗ ಕಟ್ಟುವ ಆ ಮುಂದಿನ ಮರವನ್ನು, ಒಂದೇ ಕೈಯಲ್ಲಿ ಎತ್ತಿ ನೋಡುತ್ತಿದ್ದ. "ಮೂಕಿ ಎತ್ತಿದ್ರ ತುಂಬಿದ ಕೊಡ ಎತ್ತಿದಂಗ ಇರಬೇಕು. ಜಾಸ್ತಿ ಆದ್ರ ಎತ್ತಿನ ಹೆಗಲು ಕೆಡ್ತೈತಿ, ಕಮ್ಮಿ ಆದ್ರ ಕೊರಳು ಬಿಗೀತೈತಿ" ಎನ್ನುವನು. ಅಳತೆಗೋಲು, ತಕ್ಕಡಿ ಏನೂ ಇಲ್ಲ. ಅವನ ಕೈಯೇ ಎಲ್ಲ. ಆ ಕೈ ಒಪ್ಪದಿದ್ದರೆ ಕೊನೆಯ ಉಪಾಯ ನಾನು. ಹಿಂಭಾರವಾದರೆ ನನ್ನನ್ನು ಎತ್ತಿ ಮೂಕಿಯ ಬುಡದಲ್ಲಿ ಕೂರಿಸುವನು. ಮುಂಭಾರವಾದರೆ "ಹಿಂದ ಹೋಗು" ಎನ್ನುವನು. ನಾನು ಹತ್ತಿಯ ಮೇಲೆ ತೆವಳಿ ಹಿಂದಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂರುವೆ. ಏರು ಬಂದರೆ ಮುಂದಕ್ಕೆ, ಇಳಿಜಾರು ಬಂದರೆ ಹಿಂದಕ್ಕೆ. ಕುರುಗೋಡಿನಿಂದ ಬಳ್ಳಾರಿಯವರೆಗೆ ನಾನು ಕೂತು ಹೋಗಿದ್ದಕ್ಕಿಂತ ತೆವಳಿ ಹೋಗಿದ್ದೇ ಹೆಚ್ಚು.

ಸಾಲಿ ಬಿಟ್ಟದ್ದೂ ಇದರಿಂದಲೇ. ಮೂರನೇ ಕ್ಲಾಸಿನ ನಡುವೆ ಹತ್ತಿ ಸುಗ್ಗಿ ಬಂತು. ಹುಡುಗಿ ಯಾಕೆ ಬರುತ್ತಿಲ್ಲ ಎಂದು ಸಾಲಿಯಿಂದ ಕೇಳಿಕೊಂಡು ಬಂದವರಿಗೆ ಅಪ್ಪ, "ಬಂಡಿ ಹಿಂಭಾರ ಆಗ್ತೈತ್ರಿ" ಎಂದನಂತೆ. ಕೇಳಿದವರು ಏನು ತಿಳಿದುಕೊಂಡರೋ, ಮತ್ತೆ ಬರಲಿಲ್ಲ. ಈಗ ನಾನು ಬರೆಯುವ ಈ ಅಕ್ಷರಗಳು ಆ ಮೂರು ಕ್ಲಾಸಿನ ಉಳಿಕೆ, ಜೊತೆಗೆ ಲಾರಿಗಳ ಹಿಂದೆ ಬರೆದದ್ದನ್ನು ಓದಿ ಓದಿ ಕೂಡಿಸಿಕೊಂಡವು.

ನನ್ನ ಅಣ್ಣ ಮಾಬುಸಾಬ ಮಾತ್ರ ಬಂಡಿಯ ಗೊಡವೆಗೆ ಬಂದವನಲ್ಲ. ಮೀಸೆ ಮೂಡುವ ಮೊದಲೇ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಂದು ಗ್ಯಾರೇಜು ಸೇರಿದ. ದೊಡ್ಡ ದೊಡ್ಡ ಹಳೆಯ ಮರಗಳ ಕೆಳಗೆ ಜೀಪುಗಳನ್ನು ಬಿಚ್ಚಿ ಹರವಿಕೊಂಡು ಕೂರುವ ಗ್ಯಾರೇಜು ಅದು. ಶುಕ್ರವಾರ ಊರಿಗೆ ಬಂದನೆಂದರೆ ಓಣಿಯಲ್ಲಿ ಕೆಟ್ಟದ್ದೆಲ್ಲ ನಮ್ಮ ಅಂಗಳಕ್ಕೆ ಬರುವುದು. ಸೈಕಲ್ಲು, ಸ್ಟೋವು, ಒಮ್ಮೆ ಯಾರದೋ ಹಾರ್ಮೋನಿಯಂ ಕೂಡ. ಅವನು ಒಂದು ವಸ್ತುವನ್ನು ಬಿಚ್ಚುವುದನ್ನು ನೋಡಬೇಕು ನೀವು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ನೆಲದ ಮೇಲೆ ಚೆಲ್ಲಾಪಿಲ್ಲಿ ಇಟ್ಟಿರುತ್ತಾನೆ. ಕೂಡಿಸುವಾಗ ಕಣ್ಣು ಬೇರೆಲ್ಲೋ, ಮಾತು ಇನ್ನೆಲ್ಲೋ, ಕೈ ಮಾತ್ರ ಹೋಗಿ ಬೇಕಾದ ನಟ್ಟಿನ ಮೇಲೇ ಕೂರುವುದು. "ಗುರುತು ಹಾಕ್ಕೊಳ್ಳೊ ಮಾಬು, ಮರೀತಿ" ಎಂದು ಅಮ್ಮ ಹೇಳಿದರೆ, "ನನ್ನ ಕೈಯಾಗ ಗುರುತು ಐತಬೇ" ಎನ್ನುವನು. ಅದು ಜಂಬದ ಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ.

ನನ್ನನ್ನು ಸಿರಿಗೇರಿಗೆ ಮದುವೆ ಮಾಡಿ ಕೊಟ್ಟಿದ್ದರು. ಸಂಸಾರ ಇನ್ನೂ ಕೈಗೆ ಹತ್ತುವ ಮೊದಲೇ ಗಂಡ ಜ್ವರದಲ್ಲಿ ತೀರಿಕೊಂಡ. ನಾನು ತವರಿಗೆ ಬಂದೆ. ನಾನು ಬಂದ ವರ್ಷವೇ ಅಪ್ಪನೂ ಹೋದ. ಬಂಡಿ ನನ್ನ ಪಾಲಿಗೆ ಬಂತು. ಹೆಂಗಸು ಬಂಡಿ ಹೊಡೆಯುತ್ತಾಳೆ ಎಂದು ಕುರುಗೋಡಿನವರು ಮೊದಮೊದಲು ನಿಂತು ನೋಡಿದರು, ಆಮೇಲೆ ನನಗೇ ಬಾಡಿಗೆ ಹೇಳತೊಡಗಿದರು. ಆದರೆ ಅಷ್ಟರಲ್ಲಿ ಹತ್ತಿಗೆ ಲಾರಿಗಳು ಬಂದಿದ್ದವು. ಎತ್ತುಗಳು ಕಟ್ಟಿದಲ್ಲೇ ಮೇಯುತ್ತಿದ್ದವು.

ಆಗ ಅಣ್ಣನಿಗೆ ಟ್ರೇಲರಿನ ಹುಚ್ಚು ಹಿಡಿಯಿತು. ಎಪ್ಪತ್ತರ ದಶಕದ ನಡುವಿನ ಮಾತು. ಸಿರುಗುಪ್ಪದ ಕಡೆ ಒಂದು ಕಾರೋ ಜೀಪೋ ಕೆಟ್ಟರೆ ಬಳ್ಳಾರಿಯಿಂದ ಮಿಸ್ತ್ರಿ ಚೀಲ ಹೊತ್ತು ಬಸ್ಸಿನಲ್ಲಿ ಹೋಗಬೇಕು. ರಸ್ತೆಯ ಬದಿಯಲ್ಲೇ ಬಿಚ್ಚಬೇಕು. ಒಂದು ಸಾಮಾನು ಕಡಿಮೆ ಬಿದ್ದರೆ ಮತ್ತೆ ಬಳ್ಳಾರಿ. ಅಷ್ಟರಲ್ಲಿ ಕಾರಿನ ಕೆಳಗೆ ಮೇಕೆಗಳು ಸಂಸಾರ ಹೂಡಿರುತ್ತಿದ್ದವು.

"ಲೇ ಕಾಸಿಂಬಿ, ರೋಗಿ ದವಾಖಾನಿಗೆ ಹೋಗಬೇಕೋ, ದವಾಖಾನಿ ರೋಗಿ ಹತ್ರ ಹೋಗಬೇಕೋ?" ಎಂದು ಒಂದು ಶುಕ್ರವಾರ ಕೇಳಿದ.

"ರೋಗಿನ ಹೊತ್ತು ಒಯ್ಯೋರು ಬೇಕಲ್ಲಣ್ಣ."

"ಅದಕ್ಕ ಕೇಳಿದೆ. ನಿನ್ನ ಎತ್ತು ಮಾರ್ತೀಯೇನು?"

ಮಾರಿದೆ. ಅವನು ಗ್ಯಾರೇಜಿನಲ್ಲಿ ಕೂಡಿಟ್ಟದ್ದನ್ನು ಅದಕ್ಕೆ ಸೇರಿಸಿದ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯವರು ಉಮಿ ಸಾಗಿಸಿ ಸಾಗಿಸಿ ಹಣ್ಣು ಮಾಡಿದ್ದ ಎರಡು ಗಾಲಿಯ ಟ್ರೇಲರೊಂದು ನಮ್ಮ ಅಂಗಳಕ್ಕೆ ಬಂತು. ಅದರ ಸಂದುಸಂದಿನಲ್ಲಿ ಉಮಿ. ಮುಟ್ಟಿದರೆ ಮೈಯೆಲ್ಲ ನವೆ. ಅಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ, "ಎತ್ತು ಮಾರಿ ಉಮಿ ಡಬ್ಬಿ ತಂದಾರ ನನ್ನ ಮಕ್ಕಳು. ಬರ್ರೆಬೇ, ನೋಡಬರ್ರಿ" ಎಂದು ಕರೆದಳು.

ಅಣ್ಣ ಆ ಉಮಿ ಡಬ್ಬಿಯನ್ನು ಏನು ಮಾಡಿದ ಎಂಬುದನ್ನು ಹೇಳುವಾಗ ನನ್ನ ದನಿ ಈಗಲೂ ಸ್ವಲ್ಪ ಏರುತ್ತದೆ, ಸಹಿಸಿಕೊಳ್ಳಿ. ಸುತ್ತಲಿನ ಹಲಗೆಗಳನ್ನು ಕಿತ್ತ. ಅವುಗಳಲ್ಲಿ ಒಂದು ಅಮ್ಮನ ಕೋಳಿಗೂಡಿನ ಬಾಗಿಲಾಯಿತು, ಅಮ್ಮನ ಅರ್ಧ ಸಿಟ್ಟು ಅಲ್ಲಿಗೆ ಇಳಿಯಿತು. ಕಾರು ಹಿಡಿಯುವಷ್ಟು ಉದ್ದ ಬೇಕೆಂದು ಹಿಂದಕ್ಕೆ ಕಬ್ಬಿಣ ಬೆಸೆದು ಬೆಳೆಸಿದ. ಉದ್ದ ಬೆಳೆದ ಮೇಲೆ ಗಾಲಿ ಇದ್ದಲ್ಲೇ ಇದ್ದರೆ ಭಾರವೆಲ್ಲ ಹಿಂದಕ್ಕೆ ಬೀಳುತ್ತದಲ್ಲ, ಅದಕ್ಕೆ ಅಚ್ಚನ್ನೇ ಬಿಚ್ಚಿ ಹಿಂದಕ್ಕೆ ಸರಿಸಿ ಕೂರಿಸಿದ. ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಕರೆಂಟು ಇದ್ದಾಗ ಬೆಸುಗೆ, ಹೋದಾಗ ಸುತ್ತಿಗೆ. ಕಾರು ಹತ್ತಲು ಎರಡು ದಪ್ಪ ಹಲಗೆ. ಹತ್ತುವಾಗ ಟ್ರೇಲರಿನ ಹಿಂಭಾಗ ಕುಸಿಯದಂತೆ, ಬಂಡಿಗೆ ಕೊಡುತ್ತೇವಲ್ಲ ಅಂಥ ಎರಡು ಊರುಗೋಲು. ಎಳೆದುಕೊಳ್ಳಲು ಏನು ಮಾಡುವುದು? ಬಾವಿಗೆ ಪಂಪು ಕೂತ ಮೇಲೆ ನಮ್ಮ ಸೋದರಮಾವನ ಹೊಲದ ಕಪಿಲೆಯ ರಾಟೆ ಸುಮ್ಮನೆ ಬಿದ್ದಿತ್ತು. ಎತ್ತುಗಳು ಹಗ್ಗ ಎಳೆದು ನೀರು ಎತ್ತುತ್ತಿದ್ದ ಭಾರಿ ರಾಟೆ. ಅದನ್ನು ತಂದು ಟ್ರೇಲರಿನ ಮುಂಭಾಗಕ್ಕೆ ಕೂರಿಸಿದ. ಹಗ್ಗದ ಒಂದು ತುದಿ ಕಾರಿಗೆ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ಕೆಳಗೆ ನಿಂತು ನಾಲ್ಕು ಜನ ಎಳೆದರೆ ಕಾರು ಹಲಗೆಯ ಮೇಲೆ ತಾನೇ ನಡೆದು ಬಂದ ಹಾಗೆ ಬರುತ್ತಿತ್ತು. ನೀರು ಎತ್ತಿದ ರಾಟೆ ಕಾರು ಎತ್ತಿತು ಎಂದು ಮಾವ ಊರೆಲ್ಲ ಹೇಳಿಕೊಂಡು ತಿರುಗಿದ.

ಮುಖ್ಯವಾದದ್ದು ಗೂಟಗಳು. ಕಾರಿನ ಗಾಲಿ ಕೂರಲು ಟ್ರೇಲರಿನ ಮೇಲೆ ಕಬ್ಬಿಣದ ಎರಡು ಕಾಲುವೆಗಳಂಥ ಪಟ್ಟಿಗಳು. ಆ ಪಟ್ಟಿಗಳಲ್ಲಿ ಗೇಣಿಗೊಂದು ತೂತು. ಯಾವ ಗಾಡಿಗೆ ಎಷ್ಟು ಮುಂಭಾರ ಬೇಕೋ ನೋಡಿಕೊಂಡು, ಆ ತೂತಿಗೆ ಕಬ್ಬಿಣದ ಗೂಟ ಇಳಿಸಿ ಮರದ ದಿಮ್ಮಿ ಕೊಟ್ಟರೆ ಮುಂದಿನ ಗಾಲಿ ಅಲ್ಲಿಗೇ ನಿಲ್ಲಬೇಕು. "ಜೀಪಿಗೆ ಯಾವುದು, ಕಾರಿಗೆ ಯಾವುದು ಅಂತ ಬಣ್ಣ ಹಚ್ಚಲೇನಣ್ಣ?" ಎಂದು ಕೇಳಿದೆ. ಅವನು ಕೈ ಎತ್ತಿ ತೋರಿಸಿ ನಕ್ಕ.

ಮೊದಲ ಕರೆ ಬಂದದ್ದು ಸಿರುಗುಪ್ಪದ ಟ್ಯಾಕ್ಸಿ ಪಂಪಣ್ಣನಿಂದ. ಮದುಮಕ್ಕಳು, ರೋಗಿಗಳು, ಬಸುರಿಯರು ಎಲ್ಲರಿಗೂ ಆ ಊರಿಗೆ ಅವನ ಅಂಬಾಸಡರೇ ಗತಿ. ಅದರ ಸ್ಟೇರಿಂಗ್ ಮುರಿದಿತ್ತು. ಹಗ್ಗ ಕಟ್ಟಿ ಎಳೆದೊಯ್ಯುವ ಹಾಗಿರಲಿಲ್ಲ. ಆಂಧ್ರದಿಂದ ಬಂದು ನೆಲೆಸಿದ ರೈತರ ಪಕ್ಕದ ಕ್ಯಾಂಪಿನಿಂದ ಎರ್ರಿಸ್ವಾಮಿ ಎಂಬ ಡ್ರೈವರು ಟ್ರ್ಯಾಕ್ಟರು ತಂದ. ನಾನೂ ಹೊರಟೆ. "ಗಂಡಸರ ಕೆಲಸಕ್ಕ ನೀ ಯಾಕ?" ಎಂದ ಅಮ್ಮನಿಗೆ, "ಅದರಾಗ ನನ್ನ ಎತ್ತು ಅದಾವಬೇ" ಎಂದೆ. ಎತ್ತು ಮಾರಿದ್ದು ನಿಜ, ಅಣ್ಣನ ಹೆಸರು ಬರುವುದನ್ನು ಕಣ್ಣಾರೆ ನೋಡಬೇಕೆಂಬುದು ಅದಕ್ಕಿಂತ ನಿಜ. ಈ ಬಾಡಿಗೆ ನೆಟ್ಟಗಾದರೆ ಗ್ಯಾರೇಜಿನ ಚಾಕರಿ ಬಿಟ್ಟು ಸ್ವಂತ ನಿಲ್ಲುತ್ತೇನೆ ಎಂದು ಅವನು ಹೇಳಿದ್ದ. ಕೆಟ್ಟರೆ ಯಾರೂ ಎರಡನೆಯ ಸಲ ಕರೆಯುವುದಿಲ್ಲ ಎಂದೂ ಇಬ್ಬರಿಗೂ ಗೊತ್ತಿತ್ತು.

ಪಂಪಣ್ಣ ತೆಂಗಿನಕಾಯಿ ಒಡೆದ. ಅಣ್ಣ ಬಿಸ್ಮಿಲ್ಲಾ ಎಂದು ಹಗ್ಗ ಹಿಡಿದ. ಬಸ್‌ಸ್ಟ್ಯಾಂಡಿನ ಹತ್ತಿರ ನಿಂತವರೆಲ್ಲ ಕೈ ಹಚ್ಚಿದರು. ಕಾರು ಹಲಗೆ ಏರಿ, ಪಟ್ಟಿಯ ಮೇಲೆ ಉರುಳಿ, ದಿಮ್ಮಿಗೆ ಹೋಗಿ ಮೆಲ್ಲಗೆ ಮೂಗು ತಾಕಿಸಿ ನಿಂತಿತು. ಅಣ್ಣ ಹಿಂದಿನ ಗಾಲಿಗೂ ದಿಮ್ಮಿ ಕೊಟ್ಟು, ಹಗ್ಗ ಬಿಗಿದು, ಕೈ ಕೊಡವಿದ. ಜನ ಚಪ್ಪಾಳೆ ಹೊಡೆದರು. ಪಂಪಣ್ಣ ಎಲ್ಲ ಗಂಡಸರನ್ನೂ ಚಹಾಕ್ಕೆ ಕರೆದುಕೊಂಡು ಹೋದ. ಹೆಂಗಸರು ಹೋಟೆಲಿನ ಒಳಗೆ ಹೋಗುವ ಕಾಲ ಅದಲ್ಲ. ನನ್ನ ಚಹಾ ಟ್ರೇಲರಿನ ಹತ್ತಿರವೇ ಬಂತು.

ಕುಡಿದು ಲೋಟ ಇಟ್ಟೆ. ಟ್ರೇಲರಿನ ಮೂಕಿ ಒಂದು ಕಲ್ಲಿನ ಮೇಲೆ ಕೂತಿತ್ತು, ಟ್ರ್ಯಾಕ್ಟರು ಇನ್ನೂ ಸಿಕ್ಕಿಸಿರಲಿಲ್ಲ. ನನ್ನ ಕೈ ಸುಮ್ಮನಿರದೆ ಅದನ್ನು ಎತ್ತಿ ನೋಡಿತು. ಅಲುಗಲಿಲ್ಲ. ಎರಡೂ ಕೈ ಹಾಕಿದೆ. ಉಹೂಂ. ಇಷ್ಟು ಮುಂಭಾರವೆ? ಹೆಗಲು ಉಳಿಯುತ್ತದೆಯೆ? ಅಣ್ಣನಿಗೆ ಎಲ್ಲ ಗೊತ್ತು, ಆದರೆ ಭಾರದ ಮಾತು ಅವನಿಗೇನು ಗೊತ್ತು, ಅವನು ಒಂದು ದಿನವಾದರೂ ಬಂಡಿ ಹೇರಿದ್ದಾನೆಯೆ ಎಂದುಕೊಂಡೆ. ಕರೆದು ಕೇಳಬಹುದಿತ್ತು. ಹೋಟೆಲು ಕೂಗಳತೆಯಲ್ಲೇ ಇತ್ತು. ಆದರೆ ಬಳ್ಳಾರಿ ಮುಟ್ಟಿದ ಮೇಲೆ, "ನಾನು ಸರಿ ಮಾಡಿದ್ದಕ್ಕೆ ಇಲ್ಲೀತನ ಬಂತು ನೋಡು" ಎಂದು ಹೇಳುವ ಆಸೆ ಮನಸ್ಸಿನ ಮೂಲೆಯಲ್ಲಿ ಎದ್ದು ಕೂತಿತು. ಹಗ್ಗ ಸಡಿಲ ಬಿಟ್ಟೆ. ಹಿಂದಿನ ದಿಮ್ಮಿ ಒಂದು ಗೇಣು ಹಿಂದಕ್ಕೆ. ಕಾರಿನ ಮೂತಿಗೆ ಭುಜ ಕೊಟ್ಟು ನೂಕಿದೆ, ಒಂದು ಗೇಣು ಹಿಂದಕ್ಕೆ ಹೋಯಿತು. ಮುಂದಿನ ಗೂಟವನ್ನು ಒಂದನೆಯ ತೂತಿನಿಂದ ಕಿತ್ತು ಎರಡನೆಯ ತೂತಿಗೆ ಹಾಕಿದೆ. ಹಗ್ಗ ಬಿಗಿದೆ. ಮೂಕಿ ಎತ್ತಿದೆ. ತುಂಬಿದ ಕೊಡದಷ್ಟು ತೂಕ. ಅಪ್ಪ ಇದ್ದಿದ್ದರೆ ಹೂಂ ಎನ್ನುತ್ತಿದ್ದ.

ಎರ್ರಿಸ್ವಾಮಿ ಮೊದಲು ಬಂದ. ಮೂಕಿ ಎತ್ತಿ ಟ್ರ್ಯಾಕ್ಟರಿಗೆ ಸಿಕ್ಕಿಸಿ, "ಅಬ್ಬಾ, ಏಮಿ ಹಗುರ ಐತಮ್ಮಾ! ಮೀ ಅಣ್ಣ ಮೊನಗಾಡು" ಎಂದ, ಗಟ್ಟಿಗ ಎಂಬುದಕ್ಕೆ ಅವನ ತೆಲುಗು ಮಾತು. ನಾನು ಒಳಗೊಳಗೇ ಹಿಗ್ಗಿದೆ. ಎಲ್ಲರೂ ಟ್ರ್ಯಾಕ್ಟರು ಹತ್ತಿದರು. ನನಗೆ ಜಾಗವಿಲ್ಲವಾಗಿ ಪಂಪಣ್ಣ, "ಕಾರಿನಾಗ ಕುಂದ್ರಬೇ, ಸಾವಕಾರ್ತಿ ಹಂಗ ಬಾ" ಎಂದು ಬಾಗಿಲು ತೆಗೆದ. ಸಾವಕಾರ್ತಿ ಮುಂದೆ ಕೂರುತ್ತಾಳೆಯೆ? ಹಿಂದಿನ ಸೀಟಿನಲ್ಲಿ ಒರಗಿ ಕೂತೆ. ಹುಟ್ಟಿದಾಗಿನಿಂದ ಕಾರು ಹತ್ತಿದ್ದು ಅದೇ ಮೊದಲು, ಅದೂ ಇನ್ನೊಂದು ಗಾಡಿಯ ಮೇಲೆ ಸವಾರಿ ಹೊರಟ ಕಾರು.

ಸಪಾಟು ರಸ್ತೆಯಲ್ಲಿ ಏನೂ ಆಗಲಿಲ್ಲ. ಸಿರಿಗೇರಿ ಕ್ರಾಸಿಗೆ ಮುಂಚೆ ಒಂದು ಕಾಲುವೆಯ ಸೇತುವೆ. ಆ ಕಾಲದ ಕಾಲುವೆ ಸೇತುವೆಗಳು ಒಂಟೆಯ ಬೆನ್ನಿನ ಹಾಗೆ. ಟ್ರ್ಯಾಕ್ಟರು ಏರು ಹಿಡಿಯಿತು.

ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ಯಾರಾದರೂ ಮುಂದಕ್ಕೆ ತೆವಳಬೇಕು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಟ್ರೇಲರಿನ ಮೇಲೆ ತೆವಳುವವರು ಯಾರು? ಎತ್ತಿಗೆ ಬೇಕಾದದ್ದು ಹಗುರ. ಟ್ರ್ಯಾಕ್ಟರಿಗೆ ಬೇಕಾದದ್ದು ತನ್ನ ಬೆನ್ನನ್ನು ನೆಲಕ್ಕೆ ಒತ್ತಿ ಹಿಡಿಯುವ ಭಾರ. ಅಣ್ಣ ಕೊಟ್ಟಿದ್ದ ಆ ಭಾರವನ್ನು ನಾನು ಕದ್ದಿದ್ದೆ. ಮೂಕಿ ಮೇಲಕ್ಕೆದ್ದು ಟ್ರ್ಯಾಕ್ಟರಿನ ಹಿಂಭಾಗವನ್ನೇ ಎತ್ತಿತು. ಗಾಲಿಗಳು ತಿರುಗಿದಲ್ಲೇ ತಿರುಗಿದವು. ಒಂದು ಜಗ್ಗು. ಹಗ್ಗ ಹರಿಯಿತು, ಹಿಂದಿನ ದಿಮ್ಮಿ ಹಾರಿತು. ನಾನು ಮತ್ತು ಅಂಬಾಸಡರು ಹಿಮ್ಮುಖವಾಗಿ ಹೊರಟೆವು. ರಸ್ತೆ ಬದಿಯ ಭತ್ತದ ಗದ್ದೆ ನಮ್ಮನ್ನು ಮೆತ್ತಗೆ ಹಿಡಿದುಕೊಂಡಿತು. ಕೆಸರು ಕಿಟಕಿಯಿಂದ ಒಳಗೆ ಬಂದು ಸಾವಕಾರ್ತಿಯ ಮಡಿಲು ತುಂಬಿತು.

ಅಣ್ಣ ಹಾರಿ ಓಡಿಬಂದ. ನನ್ನನ್ನು ಎಳೆದು ಹೊರಗೆ ತೆಗೆದು, ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದ. ಪಂಪಣ್ಣ ಗದ್ದೆಯ ಬದುವಿನಲ್ಲಿ ಕುಣಿಯುತ್ತಿದ್ದ.

"ಏನಲೇ ಮಾಬು, ಸ್ಟೇರಿಂಗ್ ಮುರಿದಿತ್ತು ಅಂತ ಕೊಟ್ರ ಡಿಕ್ಕಿನೂ ಮುರುದು ಕೊಟ್ಟೆಲ್ಲಲೇ! ಇದೇನು ಟ್ರೇಲರೋ, ಜಾರಬಂಡಿಯೋ?"

ಅಣ್ಣ ಹೋಗಿ ಟ್ರೇಲರು ಹತ್ತಿ ನೋಡಿದ. ಗೂಟ ಎರಡನೆಯ ತೂತಿನಲ್ಲಿತ್ತು. ಅದನ್ನು ಮುಟ್ಟಿ ನೋಡಿದ. ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ಆಮೇಲೆ ಕೆಳಗಿಳಿದು ಎಲ್ಲರ ಮುಂದೆ ಹೇಳಿದ.

"ಟ್ರೇಲರಿಂದು ತಪ್ಪಿಲ್ಲ ಪಂಪಣ್ಣ. ನಂದೇ ತಪ್ಪು. ತೂತು ತಪ್ಪಿ ಗೂಟ ಹಾಕೀನಿ. ನಿನ್ನ ಕಾರು ನಾನು ರಿಪೇರಿ ಮಾಡಿ ಕೊಡ್ತೀನಿ. ನನ್ನ ತಂಗೀನ ಕೊಲ್ಲತಿದ್ನಲ್ಲಪ್ಪ..."

ಆಗ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಬಾಯಲ್ಲಿ ಕೆಸರಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ನೆಪ ಹೇಳಿಕೊಂಡೆ. ಅಷ್ಟೇನೂ ಇರಲಿಲ್ಲ.

ಪಂಪಣ್ಣನ ಕಾರನ್ನು ಅಣ್ಣ ಹೊಸದರಂತೆ ಮಾಡಿ ಕೊಟ್ಟ. ಟ್ರೇಲರನ್ನು ಅಂಗಳದ ಮೂಲೆಗೆ ನೂಕಿ ಮೇಲೆ ಗೋಣಿತಟ್ಟು ಹೊದಿಸಿದ. ಮತ್ತೆ ಗ್ಯಾರೇಜಿನ ಚಾಕರಿ. ಶುಕ್ರವಾರ ಬಂದರೆ ಓಣಿಯವರು ತಂದ ಸ್ಟೋವನ್ನು ಬಿಚ್ಚುವ ಮೊದಲು ಒಂದು ಬಟ್ಟೆ ಹಾಸಿ, ಒಂದೊಂದು ನಟ್ಟನ್ನೂ ಸಾಲಾಗಿ ಇಡತೊಡಗಿದ. ಕೂಡಿಸಿದ ಮೇಲೆ ಮತ್ತೆ ಬಿಚ್ಚಿ ನೋಡುವನು. ಆ ಸಾಲು ಕಂಡರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಒಂದು ಮಳೆಗಾಲ ದನದ ಡಾಕ್ಟರರ ಜೀಪು ನಮ್ಮೂರ ಎರೆಮಣ್ಣಿನಲ್ಲಿ ಹೂತು ಅಚ್ಚು ಮುರಿಯಿತು. ಅವರು ಮನೆಗೇ ಬಂದರು. ಅಣ್ಣ ಆಗುವುದಿಲ್ಲ ಎಂದ. "ನನ್ನ ಕೈ ನನಗ ನಂಬಿಕಿ ಇಲ್ಲರಿ" ಎಂದ, ಡಾಕ್ಟರರ ಎದುರಿಗೇ. ನಾನು ಹಿಂದೆ ಬಿದ್ದೆ. ಬೈದೆ, ಅತ್ತೆ, ಉಣ್ಣುವುದು ಬಿಟ್ಟೆ. ನಿಜವೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಕೊನೆಗೆ ಅವನು, "ನೀ ಬಂದು ಗೂಟ ನೋಡ್ತಿ ಅಂದ್ರ ಒಯ್ತೀನಿ. ನೀ ಹೂಂ ಅನ್ನೋತನ ಗಾಡಿ ಬಿಡಂಗಿಲ್ಲ" ಎಂದ.

ಹೋದೆ. ಅವನು ಗೂಟ ಹಾಕಿ ಪಕ್ಕಕ್ಕೆ ಸರಿದು ನನ್ನ ಮುಖ ನೋಡಿದ. ಸರಿಯಾದ ತೂತಿಗೇ ಹಾಕಿದ್ದ, ಯಾವತ್ತೂ ಹಾಕುತ್ತಿದ್ದ ಹಾಗೆ. ಬಗ್ಗಿ ನೋಡಿ, ಗೂಟ ಮುಟ್ಟಿ, "ಹೂಂ" ಎಂದೆ. ಜೀಪು ಕೂದಲು ಕೊಂಕದೆ ಬಳ್ಳಾರಿ ಸೇರಿತು.

ಅಲ್ಲಿಂದ ಮುಂದಿನದು ಅಣ್ಣನ ಹೆಸರಿನ ಕಾಲ. ಡಾಕ್ಟರರು ನಾಲ್ಕು ಕಡೆ ಹೇಳಿದರು. ಕುರುಗೋಡು, ಸಿರಿಗೇರಿ, ಸಿರುಗುಪ್ಪ, ನದಿಯ ದಂಡೆಯ ಕ್ಯಾಂಪುಗಳು, ಎಲ್ಲಿ ಗಾಡಿ ಕೆಟ್ಟರೂ "ಮಾಬು ಟ್ರೇಲರ್ ಕರೀರಿ" ಎನ್ನುವುದೇ ಮಾತು. ಗದ್ದೆ ತುಳಿಯುವ ಟಿಲ್ಲರುಗಳು, ಮದುವೆಗೆ ಹೊರಟು ನಿಂತ ವ್ಯಾನುಗಳು, ಒಮ್ಮೆ ಒಂದು ಟೂರಿಂಗ್ ಟಾಕೀಸಿನ ಎಂಜಿನ್ನು. ಮದುವೆ ವ್ಯಾನಿನ ಸಲ ಮದುಮಗ ಇಳಿಯಲು ಒಪ್ಪದೆ ಬಾಸಿಂಗ ಕಟ್ಟಿಕೊಂಡೇ ಟ್ರೇಲರಿನ ಮೇಲೆ ಮೆರೆದುಕೊಂಡು ಹೋದ. ಅಣ್ಣ ಚಾಕರಿ ಬಿಟ್ಟ, ಕುರುಗೋಡಿನಲ್ಲೇ ಶೆಡ್ಡು ಹಾಕಿದ, ಹಳೆಯದೊಂದು ಟ್ರ್ಯಾಕ್ಟರನ್ನೂ ಕೊಂಡ. ಬಳ್ಳಾರಿಯ ಮಿಸ್ತ್ರಿಗಳು ಬಂದು ಆ ಟ್ರೇಲರಿನ ಕೆಳಗೆ ಮಲಗಿ ನೋಡಿ, ಹೋಗಿ ಅದರಂತೆ ಮಾಡಲು ನೋಡಿದರು. ಕಪಿಲೆಯ ರಾಟೆ ಅವರಿಗೆಲ್ಲಿ ಸಿಗಬೇಕು!

ಪ್ರತಿ ಸಲವೂ ಅದೇ ಪದ್ಧತಿ. ಅವನು ಗೂಟ ಹಾಕಿ ನನ್ನ ಮುಖ ನೋಡುವನು. ನಾನು ಬಗ್ಗಿ ಹೂಂ ಎನ್ನುವೆನು. ಜನ ಅದನ್ನು ನೋಡಲೆಂದೇ ನಿಲ್ಲುತ್ತಿದ್ದರು. "ಅಣ್ಣಗ ಕೈ, ತಂಗಿಗೆ ಕಣ್ಣು" ಎಂದು ಹೊಗಳುವರು. "ಒಂದ್ಸಲ ಆಕಿ ನೋಡಿದ್ದಿಲ್ಲ, ಗದ್ದಿಗೆ ಬಿತ್ತು. ಆಕಿ ನೋಡಾಕ ಹತ್ತಿದ ಮ್ಯಾಲೆ ಒಂದು ಕಲ್ಲೂ ತಾಕಿಲ್ಲ" ಎನ್ನುವರು. ಅಣ್ಣನೂ ಹಾಗೇ ಹೇಳುವನು. ಬಾಡಿಗೆಗೆ ಹೋದ ಊರುಗಳಲ್ಲಿ ನನಗೂ ಕುರ್ಚಿ ಹಾಕುವರು. ಗದ್ದೆಗೆ ಬೀಳಿಸಿದವಳಿಗೆ ಕಾಪಾಡಿದವಳ ಮರ್ಯಾದೆ. ಮೊದಮೊದಲು ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕುರ್ಚಿ ರುಚಿಯಾಗಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಪಂಪಣ್ಣನ ಅಂಬಾಸಡರಿಗೂ ವಯಸ್ಸಾಯಿತು. ಬಳ್ಳಾರಿಯ ಒಬ್ಬ ದಲ್ಲಾಳಿಗೆ ಬಿಡಿಭಾಗಗಳಿಗೆಂದು ಕೊಟ್ಟ. ಅಣ್ಣನ ಟ್ರೇಲರಿನ ಮೇಲೇ ಹೋಗಬೇಕೆಂದು ಹಟ ಹಿಡಿದು ಅದನ್ನು ನಮ್ಮ ಶೆಡ್ಡಿನವರೆಗೆ ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದ. ಸುತ್ತ ಐದಾರು ಜನ ಸೇರಿದ್ದರು. ಕಾರಿಗೆ ಹಗ್ಗ ಕಟ್ಟುವಾಗ ಪಂಪಣ್ಣನ ಬಾಯಿ ನಿಲ್ಲಲಿಲ್ಲ.

"ನೋಡ್ರಪ್ಪ, ಈ ಮಾಬುಸಾಬ ಹುಟ್ಟಾ ಜಾಣ. ಆದ್ರ ಅವತ್ತೊಂದಿನ ಇವನ ತಲಿ ಎಲ್ಲಿ ಇತ್ತೋ! ಒಂದು, ಎರಡು ಎಣಸಾಕ ಬರಲಿಲ್ಲ ಈ ಮಗಗ. ನನ್ನ ಕಾರಿಗೆ ಭತ್ತ ನೆಡಾಕ ಹಚ್ಚಿದ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ತಲೆ ತಗ್ಗಿಸಿ, "ಹೌದಪ್ಪ, ಅವತ್ತು ಕೈ ಕೆಟ್ಟಿತ್ತು" ಎಂದ. ಅವನ ತಲೆ ಅರ್ಧ ಬೆಳ್ಳಗಾಗಿತ್ತು. ತಗ್ಗಿಸಿದಾಗ ಅದು ಕಂಡಿತು. ನನಗೆ ಅದೇ ಸಾಕಾಯಿತು.

"ಅಣ್ಣ, ಅವತ್ತು ಗೂಟ ಸರಿಸಿದಾಕಿ ನಾನು."

ನಗು ನಿಂತಿತು.

"ಏನಂದಿ?" ಎಂದ ಪಂಪಣ್ಣ.

"ನೀವೆಲ್ಲ ಚಾ ಕುಡಿಯಾಕ ಹೋದಾಗ ನಾನು ಸರಿಸಿದೆ. ಎರಡನೇ ತೂತಿಗೆ ಹಾಕಿದೆ."

ಅಣ್ಣ ಗೂಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದ. "ಯಾಕ?"

"ಮೂಕಿ ಎತ್ತಿ ನೋಡಿದೆ. ಭಾಳ ಭಾರ ಇತ್ತು. ಹೆಗಲು ನೋಯ್ತೈತಿ ಅನಿಸ್ತು."

"ಯಾರ ಹೆಗಲು?"

ಉತ್ತರ ಕೊಡಲು ನಾಚಿಕೆಯಾಯಿತು. "ಟ್ರ್ಯಾಕ್ಟರಿಂದು" ಎಂದೆ.

ಪಂಪಣ್ಣ ನೆಲಕ್ಕೆ ಕೂತು ನಕ್ಕ. "ಟ್ರ್ಯಾಕ್ಟರಿಗೆ ಹೆಗಲು! ಯವ್ವಾ, ಅದಕ್ಕೊಂದು ಗಂಟೆನೂ ಕಟ್ಟಬೇಕಿತ್ತಲ್ಲಬೇ ಕೊರಳಿಗೆ!" ಎಂದು ಕಣ್ಣು ಒರೆಸಿಕೊಂಡ. ಉಳಿದವರೂ ನಕ್ಕರು. ಅಣ್ಣ ನಗಲಿಲ್ಲ. ಬೈಯಲೂ ಇಲ್ಲ. ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದ.

"ಅಂದ್ರ ನಾನು ಒಂದನೇ ತೂತಿಗೇ ಹಾಕಿದ್ನ?"

"ಹೂಂ."

"ನೆಟ್ಟಗ ಹಾಕಿದ್ನ?"

"ನೆಟ್ಟಗ ಹಾಕಿದ್ದಿ ಅಣ್ಣ. ನಿನ್ನ ಕೈ ಒಂದಿನಾನೂ ತಪ್ಪಿಲ್ಲ."

ಅವನು ತಲೆಯಾಡಿಸಿದ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ ಎಂದು ಕಾದೆ. ಕೇಳಲಿಲ್ಲ. ತಿರುಗಿ ಹೋಗಿ ಟ್ರೇಲರು ಹತ್ತಿದ. ಪಂಪಣ್ಣನ ಕಡೆ ಮುಖ ಮಾಡಿ, "ದಲ್ಲಾಳಿಗೆ ಎಷ್ಟೊತ್ತಿಗೆ ಬರ್ತೀನಿ ಅಂತ ಹೇಳೀದಿ?" ಎಂದೇನೋ ಕೇಳುತ್ತ, ನೋಡದೆಯೇ, ಗೂಟವನ್ನು ತೂತಿಗೆ ಇಳಿಸಿದ. ಕಬ್ಬಿಣ ಕಬ್ಬಿಣಕ್ಕೆ ಕೂತ ಸದ್ದಾಯಿತು. ಸೇರಿದವರು ಹಗ್ಗ ಎಳೆದು ಕಾರನ್ನು ದಿಮ್ಮಿಗೆ ತಂದು ನಿಲ್ಲಿಸಿದರು. ಅಭ್ಯಾಸಬಲದಿಂದ ನಾನು ಎರಡು ಹೆಜ್ಜೆ ಮುಂದೆ ಬಂದು ಬಗ್ಗಲು ಹೋದೆ. ಅಷ್ಟರಲ್ಲಿ ಅವನು ಹಗ್ಗ ಬಿಗಿದು, ಕೈ ಕೊಡವಿ, ಆ ಕಡೆಯಿಂದ ಇಳಿದು ಟ್ರ್ಯಾಕ್ಟರು ಹತ್ತಿ ಕೂತಿದ್ದ. ನನ್ನ ಮುಖ ನೋಡಲೇ ಇಲ್ಲ. ಗೇರು ಹಾಕಿದ.

"ತಡಿಯೋ ಮಾರಾಯ, ನನ್ನ ಬಿಟ್ಟು ಹೊಂಟೆಲ್ಲ!" ಎಂದು ಪಂಪಣ್ಣ ಪಂಚೆ ಎತ್ತಿಕೊಂಡು ಓಡಿದ. ಮಡ್‌ಗಾರ್ಡು ಹಿಡಿದು ಹತ್ತಿ ಕೂತ ಮೇಲೆ ನನ್ನ ಕಡೆ ತಿರುಗಿ, ಇಡೀ ಊರಿಗೆ ಕೇಳುವ ಹಾಗೆ ಕೂಗಿದ.

"ಕಾಸಿಂಬಿ, ನಿನ್ನ ನೌಕರಿ ಹೋತಬೇ!"

ಹೋಯಿತು. ಆಮೇಲೆ ಅಣ್ಣ ಆ ಕೆಲಸಕ್ಕೆ ನನ್ನನ್ನು ಎಂದೂ ಕರೆಯಲಿಲ್ಲ. ಆದರೆ ಆ ದಿನ ಶೆಡ್ಡಿನ ಮುಂದೆ ನಿಂತು ನಾನು ಕಂಡದ್ದೇ ಬೇರೆ. ನನ್ನ ಅಣ್ಣ ಒಂದು ಇಡೀ ಕಾರನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಾರ ಹೂಂಗೂ ಕಾಯದೆ, ಒಂದು ಸಲವೂ ಹಿಂತಿರುಗಿ ನೋಡದೆ, ಬಳ್ಳಾರಿಯ ದಾರಿ ಹಿಡಿದು ಹೋಗುತ್ತಿದ್ದ.